ಹುಳಿ ವರ್ಷದ ಬೆಲೆ

ನಮ್ಮೂರಾಗ ಕೆಟ್ಟ ವರ್ಷನ ಮೋರಿಗೆ ಸುರೀತಾರ. ಹೌಹಾರಬ್ಯಾಡ್ರಿ, ನಮಗದು ಹಿಟ್ಟು ಜರಡಿ ಹಿಡದಷ್ಟ ರೂಢಿ. ಗುಡ್ಡದ ಮ್ಯಾಲ ದ್ರಾಕ್ಷಿ ಬೆಳೀತೀವಿ, ತುಳದು ರಸ ತಗೀತೀವಿ, ಪೀಪಾಯಿದಾಗ ಹಾಕಿ ವೈನು ಆಗೂತನಕ ಕಾಯತೀವಿ. ಒಂದೊಂದು ಸುಗ್ಗಿಯ ರಸಕ್ಕ ಒಂದೊಂದು ವರ್ಷದ ಹೆಸರು. ಸಾಹುಕಾರ ಬಂದು ಈ ವರ್ಷ ಚಲೋ ಐತಿ ಅಂದ್ರ ಊರಿಗೆ ಬೆಲಿ ಬರತೈತಿ. ಕೆಟ್ಟೈತಿ ಅಂದ್ರ ಪಂಚರು ಡಂಗುರ ಹೊಡಸ್ತಾರ. ಎಲ್ಲಾ ಮನಿಯವರೂ ಆ ವರ್ಷದ ಪೀಪಾಯಿ ಉರುಳಿಸಿಕೊಂಡು ಬಂದು ಚಾವಡಿ ಮುಂದಿನ ಮೋರಿಗೆ ಸುರೀಬೇಕು. ಕಡೇ ಹನಿ ನೆಲ ಹೀರಿಕೊಂಡ ಕೂಡ್ಲೇ ಆ ವರ್ಷ ನಮ್ಮ ಯಾರ ತಲ್ಯಾಗೂ ಉಳಿಯೂದಿಲ್ಲ.

ನನ್ನ ಎಡಗೈ ಕಿರಿಬೆರಳು ಡೊಂಕೈತಿ. ಎಲ್ಲಿ ಬಿದ್ದು ಮುರಕೊಂಡೆ, ಯಾರು ಕಟ್ಟಿದ್ರು, ನನಗ ಗೊತ್ತಿಲ್ಲ. ಸುರಿದ ವರ್ಷದಾಗ ಆಗಿರಬೇಕು ಅಂತ ಬಿಟ್ಟೀನಿ. ಅಂಥಾ ವರ್ಷದಾಗ ಹುಟ್ಟಿದ ಗಂಡು ಕೂಸಿಗೆ ಸಿಕ್ಕಪ್ಪ, ಹೆಣ್ಣಿಗೆ ಸಿಕ್ಕವ್ವ ಅಂತ ಹೆಸರಿಡತೀವಿ. ಹೆತ್ತದ್ದು ನೆನಪಿಲ್ಲ, ಮನ್ಯಾಗ ಸಿಕ್ಕಾವ, ಇನ್ನೇನು ಅನ್ನೂದು? ನಮ್ಮ ಓಣ್ಯಾಗ ನಿಂತು ಸಿಕ್ಕಪ್ಪ ಅಂತ ಒಮ್ಮೆ ಕೂಗಿದ್ರ ಮೂರು ಮನಿಯಿಂದ ಓ ಅಂತಾರ. ಸುರಿಯೂಕಿಂತ ಮೊದಲ ಪಂಚರು ಸುಣ್ಣದ ಕಡ್ಡಿ ಹಿಡದು ಮನಿ ಮನಿ ಅಡ್ಡಾಡಿ ಗ್ವಾಡಿ ಮ್ಯಾಲ ಬರದು ಹೋಗತಾರ. ‘ಈ ಕೂಸು ನಿಮ್ಮದ.’ ‘ಈ ಮನಿ ಮುದುಕ ತೀರಿಕೊಂಡಾನ, ಹುಡುಕಬ್ಯಾಡ್ರಿ.’ ಮ್ಯಾಗಲ ಓಣಿ ಅಣ್ಣತಮ್ಮರಿಬ್ಬರ ಗ್ವಾಡಿ ಮ್ಯಾಲ ‘ನೀವಿಬ್ಬರೂ ಮಾತು ಬಿಟ್ಟೀರಿ’ ಅಂತ ಯಾವನೋ ಶಾಣ್ಯಾ ಬರದಿದ್ದ. ಯಾಕ ಅಂತ ಇಬ್ಬರಿಗೂ ಗೊತ್ತಿಲ್ಲ, ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡೂದಿಲ್ಲ.

ಇನ್ನೊಂದು ಪದ್ಧತಿ ಐತಿ. ಕಡೇ ಹನಿ ಇಂಗೂ ಹೊತ್ತಿನಾಗ ಎಲ್ಲಾರೂ ಕಣ್ಣು ಮುಚ್ಚಿ ತಮ್ಮ ತಮ್ಮವರ ಕೈ ಹಿಡಕೊಂಡು ನಿಂದ್ರತಾರ. ಕಣ್ಣು ತಗದಾಗ ಕೈಯಾಗ ಯಾರ ಕೈ ಇರತೈತಿ, ಅವರು ನಮ್ಮವರು. ಹಂಗ ತಿಳಕೊಂಡು ಮನಿಗೆ ಕರಕೊಂಡು ಹೋಗೂದು.

ನನ್ನ ಹೆಸರು ಫಕೀರವ್ವ. ಗುಡ್ಡದ ಕಡಿದಾದ ಮಗ್ಗಲದಾಗ ಒಂದು ತುಂಡು ತೋಟ ಐತಿ, ಮೇಕಿನೂ ಹತ್ತಾಕ ಎರಡು ಸಲ ವಿಚಾರ ಮಾಡತೈತಿ. ಮೊದಲಿನ ಗಂಡ ಹೋಗಿ ಭಾಳ ವರ್ಷ ಆಗಿತ್ತು. ಒಬ್ಬಾಕಿನ ಬಳ್ಳಿ ಕಟ್ಟಿ, ಒಬ್ಬಾಕಿನ ತುಳದು, ಒಬ್ಬಾಕಿನ ಉಂಡು ಮಲಗತಿದ್ದೆ. ಯಾರ ಹಂಗೂ ಇರಲಿಲ್ಲ, ಯಾರೂ ಬೇಕು ಅನ್ನಿಸಿರಲೂ ಇಲ್ಲ. ನನ್ನ ಪೀಪಾಯಿ ಸೋರಿದ್ರ ದುರಸ್ತಿ ಮಾಡಾಕ ಯಮನೂರಪ್ಪ ಬರತಿದ್ದ. ಊರಿಗೆಲ್ಲಾ ಪೀಪಾಯಿ ಕಟ್ಟಾವ ಅವನ. ಹನ್ನೊಂದು ವರ್ಷ ನನ್ನ ನೆಲಮನಿಯಾಗ ಕುಂತು ಪೀಪಾಯಿ ಹಲಗಿ ಬಡದಾನ. ಆ ಹನ್ನೊಂದು ವರ್ಷದಾಗ ಅವನ ಬಾಯಿಂದ ಬಂದ ಮಾತೆಲ್ಲಾ ಕೂಡಿಸಿದ್ರ ಒಂದು ಜೋಗುಳಕ್ಕೂ ಸಾಲೂದಿಲ್ಲ.

ನಾ ಹೇಳಾಕ ಹೊಂಟದ್ದು ಹುಳಿ ವರ್ಷದ ಕತಿ. ಅದರ ಹಿಂದಿನದು ಸಿಹಿ ವರ್ಷ. ಅಂಥಾ ಬಿಸಲು, ಅಂಥಾ ಹಣ್ಣು ಮತ್ತ ಬರೂದಿಲ್ಲ ಅಂತ ಎಲ್ಲಾರೂ ಆ ರಸನ ಪೀಪಾಯಿದಾಗ ಮುಚ್ಚಿಟ್ಟು ಕುಂತಿದ್ರು, ಹಳೇದಾದಷ್ಟು ಬೆಲಿ ಏರತೈತಿ ಅಂತ. ನಾ ಮಾತ್ರ ಮನಿ ಮಾಳಗಿ ಸೋರಾಕತ್ತಿತ್ತು ಅಂತ ಎಳೇದಿದ್ದಾಗಲೇ ಮಾರಿಬಿಟ್ಟಿದ್ದೆ. ಮರುವರ್ಷ ಕಾಯಿ ಬಣ್ಣ ತಿರಗೂ ಹೊತ್ತಿಗೆ ಮೋಡ ಕವೀತು. ಕೊಯ್ಲಿಗೆ ಇಳಿಯೂದಕ್ಕೂ ಮಳಿ ಹಿಡಿಯೂದಕ್ಕೂ ಸರಿ ಹೋತು. ಹಣ್ಣು ನೀರು ಕುಡದು ಉಬ್ಬಿದ್ವು, ಸಿಪ್ಪಿ ಬಿರದ್ವು, ಗೊಂಚಲದ ಒಳಗೆಲ್ಲಾ ಬೂಷ್ಟು. ಊರಿನವರು ಹಣೆ ಬಡಕೊಂಡು, ಬಂದದ್ದನ್ನೆಲ್ಲಾ ಬುಟ್ಟಿಗೆ ತುಂಬಿ ಕಣ್ಣು ಮುಚ್ಚಿ ತುಳದ್ರು. ನೀರಾಗಲಿ, ಹುಳಿಯಾಗಲಿ, ಹೆಂಗಿದ್ರೂ ಮೋರಿಗೆ ಹೋಗೂದಲ್ಲ ಅಂತ.

ನನಗ ಹಟ ಬಂತು. ಮಳಿ ಹಾಳು ಮಾಡಿದ್ದು ಮಳಿ ಮಾಡಲಿ, ನನ್ನ ಕೈಲೆ ನಾ ಯಾಕ ಹಾಳು ಮಾಡಲಿ? ಗೊಂಚಲು ಗೊಂಚಲು ಮಡಲಾಗ ಹಾಕ್ಕೊಂಡು ಒಂದೊಂದ ಹಣ್ಣು ಬೆರಳಿಲೆ ಒತ್ತಿ ನೋಡಿದೆ. ಗಟ್ಟಿ ಇದ್ದದ್ದು ಒಳಗ, ಮೆತ್ತಗಿದ್ದದ್ದು ಹೊರಗ. ಹೊರಗ ಒಗದ ಹಣ್ಣಿನ ಗುಡ್ಡಿನ ದೊಡ್ಡದಾತು. ಅವತ್ತು ಯಮನೂರಪ್ಪ ಪೀಪಾಯಿ ನೋಡಾಕ ಬಂದಾವ, ನನ್ನ ನೋಡಿ, ಏನೂ ಅನ್ನದ ಎದುರಿಗೆ ಕುಂತು ಹಣ್ಣು ಆರಸಾಕತ್ತಿದ. ಮರುದಿನಾನೂ ಬಂದ. ಹಣ್ಣು ತೀರೂತನಕ ಬಂದ. ಇಷ್ಟೆಲ್ಲಾ ಆರಿಸಿ ತುಳದ್ರ ರಸ ಎಷ್ಟು ಬಂತು ಅಂತೀರಿ? ದೊಡ್ಡ ಪೀಪಾಯಿ ತಳ ತೊಯ್ಯುವಷ್ಟು. ಪೀಪಾಯಿ ತುಂಬ ಇರಲಿಲ್ಲ ಅಂದ್ರ ಗಾಳಿ ಹೊಕ್ಕು ರಸ ಕೆಡತೈತಿ. ಯಮನೂರಪ್ಪ ಮನಿಗೆ ಹೋಗಿ, ಅಷ್ಟ ರಸ ಹಿಡಿಯೂವಂಥಾ ಒಂದು ಸಣ್ಣ ಪೀಪಾಯಿ ಕಟ್ಟಿಕೊಂಡು ಬಂದ, ಹೊಟ್ಟಿ ಉಬ್ಬಿಸಿಕೊಂಡ ಮರಿ ಆನಿಯಂಥಾದ್ದು.

“ಎಷ್ಟಾತಪಾ ಇದಕ್ಕ?” ಅಂದೆ.

“ರೊಕ್ಕ ಬ್ಯಾಡ. ಊಟ ಹಾಕು,” ಅಂದ.

“ಎಷ್ಟು ದಿನ ಹಾಕಲಿ?”

ಅವ ನನ್ನ ಮುಖ ನೋಡಲಿಲ್ಲ, ಪೀಪಾಯಿ ಪಟ್ಟಿ ನೋಡಿಕೋಂತ ಅಂದ, “ಇರೂತನಕ.”

ಆ ಒಂದು ಮಾತಿಗೆ ಹೂಂ ಅನ್ನಾಕ ನನಗ ಉಳಿದ ಮಳಿಗಾಲ ಪೂರ್ತಿ ಬೇಕಾತು. ಮದಿವಿ ಆತು. ಊರು ನಕ್ಕಿತು, ಹಲ್ಲುದುರೂ ಹೊತ್ತಿನಾಗ ಬಾಸಿಂಗ ಅಂತ. ಗಂಡನ್ನ ಹೆಸರು ಹಿಡದು ಕರೀತಾಳ ಅಂತ ಇನ್ನೊಂದಿಷ್ಟು ನಕ್ಕಿತು. ಹನ್ನೊಂದು ವರ್ಷ ಕರದದ್ದನ್ನ ಅಕ್ಕಿಕಾಳು ಬಿದ್ದ ಕೂಡ್ಲೇ ಬಿಡಾಕ ಆಗತೈತೇನು? ನಗಲಿ ಬಿಡ್ರಿ. ನಾನೂ ನಕ್ಕೆ. ನನ್ನ ಆಯುಷ್ಯದಾಗ ಅಷ್ಟು ನಕ್ಕ ವರ್ಷ ಇನ್ನೊಂದಿಲ್ಲ.

ಸಣ್ಣ ಪೀಪಾಯಿ ರಸ ಹಣ್ಣಾತು. ಸಿಹಿ ವರ್ಷದ್ದರಂಗ ನಾಲಗಿ ಮ್ಯಾಲ ಮೈ ಚಾಚಿ ಮಲಗೂ ರಸ ಅಲ್ಲ ಅದು. ತೆಳ್ಳಗ, ಚುರುಕು, ಬಾಯಾಗ ಬಿದ್ರ ಮುಖಕ್ಕ ತಣ್ಣೀರು ಗೊಜ್ಜಿದಂಗ ಎಚ್ಚರ ಆಗತಿತ್ತು. ನಂದು ಅಂತ ಹೊಗಳಾಕತ್ತಿಲ್ಲ. ನಂದು ಅಂತ ಬೈದುಕೊಳ್ಳಾಕ ಏನಾರ ಸಿಗತೈತೇನು ಅಂತ ಕುಡದು ನೋಡೀನಿ, ಸಿಗಲಿಲ್ಲ.

ಮುಂದಿನ ಬ್ಯಾಸಿಗ್ಯಾಗ ದೇವದಾಸ ಸಾಹುಕಾರ್ರು ಚಕ್ಕಡಿ ಸಾಲು ಕಟ್ಟಿಕೊಂಡು ಬಂದ್ರು. ಊರಿನ ರಸ ಪ್ಯಾಟಿಗೆ ಒಯ್ಯಾವರು ಅವರೊಬ್ಬರ. ಚಾವಡಿ ಕಟ್ಟಿ ಮ್ಯಾಲ ಕುಂತು ಒಂದೊಂದ ಮನಿಯ ಸಿಹಿ ವರ್ಷದ ಪೀಪಾಯಿಂದ ಬಟ್ಟಲಕ್ಕ ಹಾಕಿಸಿಕೊಂಡು ಕುಡದ್ರು. ಕಣ್ಣು ಮುಚ್ಚಿ ಬಾಯಾಗ ಹೊಳ್ಳಿಸಿ ಹೊಳ್ಳಿಸಿ ಕುಡದ್ರು.

“ಇಷ್ಟು ವರ್ಷ ಈ ದಂಧೇದಾಗ ಅದೀನಿ, ಇಂಥಾದ್ದು ಕುಡದಿಲ್ಲ,” ಅಂದ್ರು. “ಸಿಹಿ ಐತಿ, ಖರೆ. ಆದ್ರ ಸಿಹಿ ಒಳಗ ಒಂದು ಚುರುಕು ಐತಿ ನೋಡ್ರಿ, ಅದ ಇದರ ಜೀವ.” ಹಂಗಂದು ಅವರು ಹೇಳಿದ ಬೆಲಿ ಕೇಳಿ ನಮ್ಮ ಗೌಡ್ರು ಕಂಬ ಹಿಡಕೊಂಡ್ರು. ಊರ ಜನ್ಮದಾಗ ಅಂಥಾ ಬೆಲಿ ಯಾರೂ ಕೇಳಿದ್ದಿಲ್ಲ.

“ಆದ್ರ ಒಂದು ಮಾತು,” ಅಂದ್ರು ಸಾಹುಕಾರ್ರು. “ಹುಳಿ ವರ್ಷದ್ದು ಒಂದು ಹನಿ ಊರಾಗ ಉಳೀಬಾರದು. ಗಿರಾಕಿ ಕುಡಿಯೂದು ಹೆಸರು. ಆ ಕೆಟ್ಟ ವರ್ಷದ ಒಂದು ಪೀಪಾಯಿ ಸಂತಿಗೆ ಬಂದ್ರ ಈ ಊರಿನ ರಸ ಹುಳಿ ಅಂತ ಸುದ್ದಿ ಹಬ್ಬತೈತಿ. ಆಮ್ಯಾಲ ಸಿಹಿ ವರ್ಷದ ಬೆಲಿನೂ ಅರ್ಧಕ್ಕ ಇಳೀತೈತಿ. ನಾಳೆ ಸುರೀರಿ, ಸುರದ ಮ್ಯಾಲ ರೊಕ್ಕ ಎಣಸ್ತೀನಿ.”

ನಾ ಬಟ್ಟಲ ಹಿಡಕೊಂಡು ಮುಂದ ಹೋದೆ. “ಸಾಹುಕಾರ್ರ, ನಂದೂ ಒಂದು ಗುಟುಕು ನೋಡ್ರಿ.”

ಅವರು ಕೈ ಚಾಚಿದಾವರು ಕೇಳಿದ್ರು, “ಯಾವ ವರ್ಷದ್ದವ್ವ?”

“ಹುಳಿ ವರ್ಷದ್ದು.”

ಕೈ ಹಿಂದಕ್ಕ ತಗೊಂಡ್ರು, ಬಟ್ಟಲದಾಗ ಚೇಳು ಕಂಡಂಗ. “ವರ್ಷ ಗೊತ್ತಾದ ಮ್ಯಾಲ ರುಚಿ ಯಾಕ ನೋಡೂದು?”

“ಹಂಗಾರ ನಾಲಗಿ ಯಾಕ ಇಷ್ಟು ದೂರ ಹೊತ್ತುಕೊಂಡು ಬಂದ್ರಿ? ಪಂಚಾಂಗ ಕಳಿಸಿದ್ರ ಸಾಕಿತ್ತಲ್ಲ!” ಅಂದೆ. ಹಿಂದ ಯಾರೋ ಕಿಸಕ್ಕಂದ್ರು. ಗೌಡ್ರು ಕಣ್ಣು ಬಿಟ್ರು, ನಗು ನಿಂತಿತು.

ಸಂಜಿ ಮುಂದ ಗೌಡ್ರು ನಮ್ಮ ಮನಿಗೆ ಬಂದ್ರು. ಹಣಮಂತಗೌಡ್ರು ಕೆಟ್ಟ ಮನಷಾ ಅಲ್ಲ, ಊರಿನ ಹೊಟ್ಟಿ ಲೆಕ್ಕ ಹಾಕಿ ಹಾಕಿ ತಮ್ಮ ಮುಖಾನ ಮರತಾವರು. ಸುಣ್ಣದ ಕಡ್ಡಿ ಜೋಡಿಗೆ ತಂದಿದ್ರು.

“ಫಕೀರವ್ವ, ಒಂದು ಗೇಣು ಪೀಪಾಯಿ ಸಲುವಾಗಿ ಊರಿನ ಹೊಟ್ಟಿ ಮ್ಯಾಲ ಹೊಡೀಬ್ಯಾಡ.”

“ನನ್ನ ಮದಿವಿ ಆ ವರ್ಷದಾಗ ಆಗೇತ್ರಿ ಗೌಡ್ರ.”

“ಗೊತ್ತೈತಿ. ಗ್ವಾಡಿ ಮ್ಯಾಲ ದೊಡ್ಡ ಅಕ್ಷರದಾಗ ಬರಸ್ತೀನಿ, ಯಮನೂರಪ್ಪ ನಿನ್ನ ಗಂಡ ಅಂತ. ಬೇಕಂದ್ರ ಎರಡು ಸಲ ಬರಸ್ತೀನಿ.”

“ಅವ ನನ್ನ ಗಂಡ ಅಂತ ಸುಣ್ಣ ಹೇಳಬಹುದು. ಅವ ನನಗ ಯಾಕ ಸೇರಿದ ಅಂತ ಸುಣ್ಣ ಹೇಳತೈತೇನು?”

ಗೌಡ್ರು ಹೊಸ್ತಿಲ ಮ್ಯಾಲ ಕುಂತ್ರು. ದನಿ ಇಳೀತು. “ಆ ವರ್ಷ ಯಾರಿಗೆ ಬೇಕಾಗೇತಿ ಹೇಳವ್ವ. ಮಳಿ, ಬೂಷ್ಟು, ಮನಿ ಮನಿಗೆ ಜ್ವರ. ನಮ್ಮವ್ವ ಹೋದದ್ದೂ ಅದರಾಗ. ಸುರದ್ರ ನನಗೂ ಎದಿ ಹಗೂರ ಆಗತೈತಿ.”

“ಅವ್ವ ಹೋದದ್ದು ಮರೀತೀರಿ, ಒಪ್ಪಿದೆ. ಹೋಗೂ ಮುಂದ ನಿಮ್ಮ ತಲಿ ಮ್ಯಾಲ ಕೈ ಇಟ್ಟು ಏನೋ ಅಂದ್ರಲ್ಲ, ಅದನ್ನೂ ಮರೀತೀರಿ.”

ಗೌಡ್ರು ಎದ್ರು. “ನಾಳೆ ಬರತೀವಿ. ನೀನಾಗಿ ತಂದ್ರ ಮರ್ಯಾದಿ, ಇಲ್ಲಂದ್ರ ಊರು ಬಂದು ಒಯ್ಯತೈತಿ,” ಅಂದು ಹೋದ್ರು. ಹೋಗೂ ಮುಂದ ಗ್ವಾಡಿ ಮ್ಯಾಲ ಬರದ ಹೋದ್ರು.

ಊಟಕ್ಕ ಕುಂತಾಗ ಯಮನೂರಪ್ಪ ರೊಟ್ಟಿ ಮುರಕೋಂತ ಅಂದ, “ಸುರದು ಬಿಡೂಣು. ನಾ ಮತ್ತ ಬರತೀನಿ.”

ನನಗ ಸಿಟ್ಟು ನೆತ್ತಿಗೇರಿತು. “ನೀ? ನೀ ಮತ್ತ ಬರಾವ? ಹನ್ನೊಂದು ವರ್ಷ ಹಲಗಿ ಬಡಕೋಂತ ಕುಂತಿದ್ದಿ. ಬಾಯಿ ಬಿಡಾಕ ಒಂದು ಪ್ರಳಯ ಬೇಕಾತು. ಮತ್ತ ಅಂಥಾ ಮಳಿ ಬರೂತನಕ ನಾ ಬದುಕಿರತೀನೇನು? ಬಂದಿ ಅಂತನ ಇಟ್ಟುಕೋ. ಆ ಹಳೇ ಫಕೀರವ್ವ ನನಗ ಗೊತ್ತದಾಳ. ಗ್ವಾಡಿ ಬರಹ ಓದಿ, ಇದ್ಯಾವನಪಾ ನನ್ನ ಮನ್ಯಾಗ ಅಂತ ನಿನ್ನ ಚಾಪಿ ಸುತ್ತಿ ಹೊರಗ ಒಗೀತಾಳ.”

“ನಾ ಊರಿಗೆಲ್ಲಾ ಪೀಪಾಯಿ ಕಟ್ಟಾವ. ಊರು ಎದುರು ಹಾಕ್ಕೊಂಡು...”

“ಹಂಗಾರ ಊರನ್ನ ಕಟ್ಟಿಕೋಬೇಕಿತ್ತು, ನನ್ನ ಯಾಕ ಕಟ್ಟಿಕೊಂಡಿ?”

ಅವ ಇನ್ನೊಂದು ರೊಟ್ಟಿ ಮುರದ. ಅಷ್ಟರಾಗ ನನಗೊಂದು ವಿಚಾರ ಹೊಳದು ಕೈಯಾಗಿನ ತುತ್ತು ಕೈಯಾಗ ಉಳೀತು. “ಯಮನೂರಪ್ಪ,” ಅಂದೆ, “ಆ ಹನ್ನೊಂದು ವರ್ಷದಾಗ ಎರಡು ವರ್ಷ ಸುರದು ಹೋಗ್ಯಾವ. ಅದರಾಗ ಒಮ್ಮೆ ನೀ ಕೇಳಿದ್ದಿ ಏನೋ. ನಾ ಹೂಂ ಅಂದಿದ್ದೆ ಏನೋ. ಮದಿವಿ ಆಗಿದ್ರ ಗ್ವಾಡಿ ಮ್ಯಾಲ ಬರೀತಿದ್ರು. ಬರೇ ಹೂಂ ಅಂದದ್ದನ್ನ ಯಾರು ಬರೀತಾರ?”

ಅವ ಉಣ್ಣೂದು ಬಿಟ್ಟು ನನ್ನ ನೋಡಿದ. ಆಮ್ಯಾಲ ಕೈ ತೊಳಕೊಂಡು ನೆಲಮನಿಗೆ ಇಳದ. ಕಬ್ಬಿಣ ಬಡಿಯೂ ಸಪ್ಪಳ ಬಂತು. ಹೋಗಿ ನೋಡಿದ್ರ ಸಣ್ಣ ಪೀಪಾಯಿಗೆ ಮ್ಯಾಲಿಂದ ಕೆಳಗಿನತನಕ ಹೊಸ ಪಟ್ಟಿ ಹಾಕಾಕತ್ತಿದ್ದ, ಹಲಗಿನ ಕಾಣದಂಗ.

“ಇನ್ನ ಒಡ್ಯಾಕ ಬರೂದಿಲ್ಲ,” ಅಂದ. ಅವನ ಜಗಳದ ರೀತಿನ ಹಂಗ.

ಮರುದಿನ ಡಂಗುರ ಹೊಡಸಿದ್ರು. ಓಣಿ ಓಣಿಯಿಂದ ಪೀಪಾಯಿ ಉರುಳಿಸಿಕೊಂಡು ಹೊಂಟ್ರು. ಮೋರಿ ಕೆಂಪಾಗಿ ಹರೀತು, ಊರೆಲ್ಲಾ ಹುಳಿ ವಾಸನಿ. ನಾ ನೆಲಮನಿಯಾಗ ಪೀಪಾಯಿ ಮ್ಯಾಲ ಕಾಲ ಮ್ಯಾಲ ಕಾಲು ಹಾಕಿ ಕುಂತಿದ್ದೆ. ನಾಲ್ಕು ಮಂದಿ ಬಂದು ಏಳವ್ವ ಅಂದ್ರು. ಏಳಲಿಲ್ಲ. ಕಡೀಕ ನನ್ನನ್ನೂ ಕೂಡಿಸಿ ಪೀಪಾಯಿ ಹೊತ್ರು.

“ಏ ಅತ್ತಿ, ಎಷ್ಟು ಭಾರ ಅದೀ!” ಅಂದ ಒಬ್ಬ.

“ಸಿಟ್ಟೂ ಕೂಡೇತಪಾ, ಹಗೂರಕ ಹೊರು, ಹೊಟ್ಟಿ ಜಾರೀತು,” ಅಂದೆ. ಹಂಗ ನನ್ನ ಮೆರವಣಿಗಿ ಚಾವಡಿಗೆ ಬಂತು. ಹಿಂದಿಂದ ಯಮನೂರಪ್ಪ ಬರತಿದ್ದ, ತನ್ನ ಸುತ್ತಿಗಿ ಹಿಡಕೊಂಡು. ಅವ ಸುತ್ತಿಗಿ ಬೀಸಾವ ಅಲ್ಲ. ಆದ್ರೂ ಹಿಡಕೊಂಡು ಬಂದಿದ್ದ, ನನಗ ಅಷ್ಟ ಸಾಕಾತು.

ನನ್ನ ಕೆಳಗ ಇಳಿಸಿ ಪೀಪಾಯಿಗೆ ಕೊಡಲಿ ಹಾಕಿದ್ರು. ಕೊಡಲಿ ಠಣ್ ಅಂತ ಪುಟೀತು. ಇನ್ನೊಮ್ಮೆ ಹಾಕಿದ್ರು, ಮತ್ತ ಠಣ್. ಜನ ಯಮನೂರಪ್ಪನ ಕಡೆ ನೋಡಿದ್ರು, ಅವ ಆಕಾಶ ನೋಡಿದ. ನಾ ಗೌಡ್ರಿಗೆ ಅಡ್ಡ ಹೋಗಿ ನಿಂತೆ, ಇಬ್ಬರು ಹೆಣಮಕ್ಕಳು ನನ್ನ ರಟ್ಟಿ ಹಿಡದು ಜಗ್ಗಿದ್ರು. ಗೌಡ್ರು ಬಗ್ಗಿ ಬಿರಡಿಗೆ ಕೈ ಹಾಕಿ ಹೊಳ್ಳಿಸಿ ಕಿತ್ರು.

ರಸ ಹೊಂಟಿತು. ಮಳಿಯಾಗ ಕುಂತು ಒಂದೊಂದ ಆರಿಸಿದ ಹಣ್ಣಿನ ರಸ, ನನ್ನ ಬಿಟ್ಟು ಯಾರೂ ಬಾಯಿಗೆ ಹಾಕದಾಂಗ ಮೋರಿ ಪಾಲಾತು. ನಾ ಅತ್ತೆ. ಸುಳ್ಳು ಯಾಕ ಹೇಳಲಿ, ಬಾಯಿ ಬಿಟ್ಟು ಅತ್ತೆ, ಅಳಕೋಂತನ ಬೈದೆ. ಸಾಹುಕಾರ್ರನ್ನ ಬೈದೆ, ಗೌಡ್ರನ್ನ ಬೈದೆ, ಸುಮ್ಮನ ನಿಂತ ಊರನ್ನ ಬೈದೆ. “ನಿಮ್ಮ ಸಿಹಿ ನಿಮಗ ಹುಳಿಯಾಗಲಿ” ಅಂದೆ.

ಕಡೇ ಹನಿ. ಯಾರೋ “ಕೈ ಹಿಡೀರಿ” ಅಂದ್ರು. ಊರು ಕಣ್ಣು ಮುಚ್ಚಿತು. ಯಮನೂರಪ್ಪ ಬಂದು ನನ್ನ ಕೈ ಹಿಡದ. ಅವನ ಅಂಗೈ ಹಲಗಿಯಷ್ಟ ಒರಟು. ನಾನೂ ಕಣ್ಣು ಮುಚ್ಚಿದೆ, ಮುಚ್ಚಿ ಎಲ್ಲಾ ಒಮ್ಮೆ ನೆನಸಿಕೊಳ್ಳಾಕ ಹೊಂಟೆ. ಮಡಲಾಗಿನ ಗೊಂಚಲು. ಊಟ ಹಾಕು ಅಂದದ್ದು. ಅವ ಮೊದಲನೇ ದಿನ ನನ್ನ ಅಡಗಿ ಉಂಡು, ಉಪ್ಪು ಹೆಚ್ಚಾಗಿದ್ರೂ ಎರಡನೇ ಸಲ ಹಾಕಿಸಿಕೊಂಡದ್ದು. ಈಗ ಹೋಗತೈತಿ, ಈಗ ಹೋಗತೈತಿ ಅಂತ ಹಲ್ಲು ಕಚ್ಚಿ ಹಿಡಕೊಂಡೆ.

ಹೋಗಲಿಲ್ಲ. ಕಣ್ಣು ತಗದೆ. ಎಲ್ಲಾ ಇದ್ದಲ್ಲೇ ಇತ್ತು, ಉಪ್ಪಿನ ಸಮೇತ.

ನನಗ ಒಬ್ಬಾಕಿಗೇ ಹಿಂಗ ಆತೇನು ಅಂತ ಅಂಜಿಕಿ ಬಂತು. ನನಗ ನೆನಪದಾನ, ಅವನಿಗೆ ನಾ ನೆನಪಿಲ್ಲ ಅಂದ್ರ ಅದಕ್ಕಿಂತ ಘೋರ ಯಾವುದೈತ್ರಿ? ಸುತ್ತ ಎಲ್ಲಾರೂ ಕಣ್ಣು ತಗದು, ಪ್ರತಿ ಸಲದಂಗ ಕೇಳಾಕತ್ತಿದ್ರು, “ಇದು ಯಾವ ತಿಂಗಳು?” “ಈ ಅಂಗಿ ಯಾವಾಗ ಹೊಲಿಸಿದೆ?” ನಮ್ಮ ಬಾಜೂ ಮನಿ ಸುಂದ್ರವ್ವ ಆ ವರ್ಷದಾಗ ಹಡದ ಕೂಸು ಬಗಲಾಗ ಎತ್ತಿಕೊಂಡು, “ಅಯ್ಯ ಶಿವನ, ಇದು ಯಾರ ಕೂಸು?” ಅಂತ ಕೂಗಿದ್ಲು. ಕೂಗ್ಯಾಳ, ಆದ್ರ ಆಕಿ ಕೈ ಕೂಸಿನ ಬೆನ್ನ ಕೆಳಗ ಮೂರು ಬೆರಳಿಲೆ ಮೆಲ್ಲಕ ತಟ್ಟಾಕತ್ತೈತಿ. ಆ ಕೂಸಿಗೆ ಹೊಟ್ಟಿ ಉಬ್ಬರ. ಅಲ್ಲೇ, ಹಂಗ ತಟ್ಟಿದ್ರ ಮಾತ್ರ ಸುಮ್ಮನಾಗತೈತಿ. ಅದನ್ನ ಕಲಿಯಾಕ ಆಕಿ ಎಷ್ಟು ಅತ್ತಾಳ ಅಂತ ನನಗ ಗೊತ್ತು.

ನಾ ಯಮನೂರಪ್ಪನ ಕಡೆ ಹೊಳ್ಳಿದೆ. ಅವ ನನ್ನ ಕಿವಿ ಹಂತೇಲಿ ಬಗ್ಗಿ ಪಿಸಪಿಸ ಅಂದ, “ಫಕೀರಿ, ಸುಮ್ಮನಿರು. ಎಲ್ಲಾರೂ ಮರತಾರ, ನನಗ ಮಾತ್ರ ಏನೋ ಆಗೇತಿ.” ಫಕೀರಿ ಅಂತ ನನ್ನ ಕರಿಯಾವ ಮದಿವಿ ಆದ ಮ್ಯಾಲಿನ ಯಮನೂರಪ್ಪ. ನನ್ನ ಎದಿ ಮ್ಯಾಲಿನ ಬೀಸುಕಲ್ಲು ಇಳೀತು. ಇಳದ ಕೂಡ್ಲೇ ತಲಿ ಓಡಾಕತ್ತಿತು. ನನಗ ನೆನಪೈತಿ, ಇವನಿಗೆ ನೆನಪೈತಿ, ಸುಂದ್ರವ್ವಗೂ ನೆನಪೈತಿ. ಮತ್ತ ಈ ಊರು ಯಾಕ ನಾಟಕ ಆಡತೈತಿ?

ಅಷ್ಟರಾಗ ಗೌಡ್ರ ಪಾಳಿ ಬಂತು. ಮನ್ಯಾಗ ಯಾರಾರ ತೀರಿಕೊಂಡಿದ್ರ ಪದ್ಧತಿ ಪ್ರಕಾರ ಅವರು ಎಲ್ಲಿ ಅಂತ ಕೇಳಬೇಕು, ಪಂಚರು ‘ಇಲ್ಲ, ಹುಡುಕಬ್ಯಾಡ್ರಿ’ ಅಂತ ಓದಿ ಹೇಳಬೇಕು. ಗೌಡ್ರು ಗಂಟಲ ಸರಿ ಮಾಡಿಕೊಂಡು ಕೇಳಿದ್ರು, “ನಮ್ಮವ್ವ ಕಾಣವಲ್ಲಳಲ್ಲ. ಎಲ್ಲಿ ಅದಾಳ ನಮ್ಮವ್ವ?”

ಉತ್ತರ ಕೊಡೂ ಪಂಚ ಇನ್ನೂ ಬಾಯಿ ತಗದಿದ್ದಿಲ್ಲ. ಗೌಡ್ರ ಮೀಸಿ ಮ್ಯಾಲ ನೀರು ಇಳೀತು.

ನಾ ಸುಮ್ಮನಿರಾಕಿ ಅಲ್ಲ, ಇರಲೂ ಇಲ್ಲ. “ಗೌಡ್ರ,” ಅಂದೆ, “ಅವ್ವ ಎಲ್ಲಿ ಅಂತ ಕೇಳಿದಾವರು ಉತ್ತರ ಬರೂಕಿಂತ ಮೊದಲ ಯಾಕ ಅತ್ರಿ?”

ಗೌಡ್ರು ರುಮಾಲು ತಗದು ಮುಖ ಒರಸಿಕೊಂಡ್ರು, ಮತ್ತ ನೀರು ಬಂತು, ಮತ್ತ ಒರಸಿದ್ರು. ಆಮ್ಯಾಲ ರುಮಾಲನ ಕೆಳಗ ಒಗದ್ರು. “ಹೋಗಿಲ್ಲವ್ವ, ನೆನಪು ಹೋಗಿಲ್ಲ,” ಅಂದ್ರು. “ತಪ್ಪು ನಂದ. ಸಿಹಿ ವರ್ಷದ ಪೀಪಾಯಿ ತಿಂಗಳಾ ತಿಂಗಳಾ ಕಡಿಮಿ ಆಗತೈತಲ್ಲ, ಹಲಗಿ ರಸ ಕುಡೀತೈತಿ. ಅದನ್ನ ಅದ ವರ್ಷದ ರಸದಿಂದ ತುಂಬಬೇಕು. ನಾ ಹಂಗ ತುಂಬಾಕ ಇಟ್ಟ ಮಡಿಕಿನೂ ಬೆಲಿ ಬರತೈತಿ ಅಂತ ಮಾರಾಕ ಎತ್ತಿಟ್ಟೆ. ಹೆಂಗಿದ್ರೂ ಸುರಿಯೂದಲ್ಲ ಅಂತ ಹುಳಿ ವರ್ಷದ್ದು ಒಂದು ಕೊಡ ಹಾಕಿದೆ. ಒಂದ ಕೊಡ. ನಾ ಒಬ್ಬನ ಮಾಡೀನಿ ಅಂತ ತಿಳದಿದ್ದೆ.”

“ಅರ್ಧ ಕೊಡ ನಂದೂ ಐತಿ,” ಅಂದ್ಲು ಸುಂದ್ರವ್ವ, ಕೂಸಿನ ತಲಿ ಮುಚ್ಚಿಕೊಂಡು.

“ನಂದು ಎರಡು ತಂಬಿಗಿ.” “ನಾನೂ ಹಾಕೀನಿ.” “ನಮ್ಮನ್ಯಾಗ ಅತ್ತಿ ಹಾಕ್ಯಾಳ, ನಾ ಅಲ್ಲ.” ಊರಿಗೆ ಊರ ಬಾಯಿ ಬಿಟ್ಟಿತು. ಸಿಹಿ ವರ್ಷದ ಪೀಪಾಯಿಗೆ ಬ್ಯಾರೆ ರಸ ಹಾಕೂದು ನಮ್ಮೂರಾಗ ಕಳ್ಳತನಕ್ಕಿಂತ ದೊಡ್ಡ ತಪ್ಪು, ಅದಕ್ಕ ಒಬ್ಬರಿಗೊಬ್ಬರು ಹೇಳಿರಲಿಲ್ಲ. ತಾವು ಒಬ್ಬರ ಮರೀಲಿಲ್ಲ ಅಂತ ಎಲ್ಲಾರೂ ಅಂಜಿ ಮರತಾವರಂಗ ನಟಸಾಕತ್ತಿದ್ರು. ಹುಳಿ ವರ್ಷ ಮೋರಿಗೆ ಹೋಗಿತ್ತು ಖರೆ, ಆದ್ರ ಪೂರ್ತಿ ಹೋಗಿರಲಿಲ್ಲ, ಅದಕ್ಕ ನೆನಪೂ ಹೋಗಿರಲಿಲ್ಲ. ಅಲ್ಲೇ ಎದುರಿಗೆ, ಸಾಹುಕಾರ್ರ ಚಕ್ಕಡಿ ಮ್ಯಾಲ ಸಿಹಿ ವರ್ಷದ ಪೀಪಾಯಿ ಒಳಗ ಆರಾಮ ಕುಂತಿತ್ತು.

ನಗು ಬಂತು ನನಗ. ಇನ್ನೂ ಕಣ್ಣೀರು ಆರಿರಲಿಲ್ಲ, ಹೊಟ್ಟಿ ಹಿಡಕೊಂಡು ನಕ್ಕೆ.

ಸಾಹುಕಾರ್ರು ನಗಲಿಲ್ಲ. ಕಟ್ಟಿ ಇಳದು ಬಂದು, “ಅರ್ಧ ಬೆಲಿ,” ಅಂದ್ರು.

“ನಿನ್ನೆ ಕಣ್ಣು ಮುಚ್ಚಿ ಕುಡದ್ರಿ,” ಅಂದೆ ನಾ. “ಸಿಹಿ ಒಳಗಿನ ಚುರುಕ ಇದರ ಜೀವ ಅಂದ್ರಿ. ಆ ಚುರುಕು ಎಲ್ಲಿಂದ ಬಂತು ಅಂತ ಈಗ ಗೊತ್ತಾತಲ್ಲ. ಒಂದ ದಿನದಾಗ ರಸ ಬದಲಾತೋ, ನಿಮ್ಮ ನಾಲಗಿ ಬದಲಾತೋ?”

“ರಸಾನೂ ಅದ, ನಾಲಗಿನೂ ಅದ. ಹೆಸರು ಬದಲಾತವ್ವ,” ಅಂದ್ರು ಸಾಹುಕಾರ್ರು. ಮನಷಾ ಖರೆ ಮಾತಾಡಿದ, ಅದಕ್ಕ ನಾ ಮೆಚ್ಚಿದೆ. ಆಮ್ಯಾಲ ದನಿ ಸಣ್ಣ ಮಾಡಿ ಗೌಡ್ರಿಗೆ ಅಂದ್ರು, “ಒಂದು ಹಾದಿ ಐತಿ. ಇವತ್ತು ಆಡಿದ ಮಾತು ಈ ಚಾವಡಿ ದಾಟಬಾರದು. ನಾ ಬರೇ ಸಿಹಿ ವರ್ಷ ಅಂತ ಮಾರತೀನಿ, ಪೂರ್ತಿ ಬೆಲಿ ಕೊಡತೀನಿ. ಕೇಳಿದಾವರಿಗೆ ಹುಳಿ ವರ್ಷ ನಮಗ ನೆನಪ ಇಲ್ಲ ಅನ್ರಿ. ನಿಮಗೇನು, ರೂಢಿನ ಐತಿ.”

ಪೂರ್ತಿ ಬೆಲಿ ಅಂದ ಕೂಡ್ಲೇ ಜನದ ಮುಖ ಅರಳಿದ್ದು ನಾ ಕಂಡೆ. ಅವರನ್ನ ಬೈಯೂದಿಲ್ಲ, ನನ್ನ ಮಾಳಗಿ ಸೋರಿದಾಗ ನಾನೂ ಮಾರೀನಿ. ಆದ್ರ ಸುಂದ್ರವ್ವನ ಕೂಸು ನಾಳೆ ದೊಡ್ಡದಾಗಿ ನಾ ಯಾವಾಗ ಹುಟ್ಟಿದೆ ಅಂತ ಕೇಳಿದ್ರ, ಗೊತ್ತಿದ್ದೂ ನೆನಪಿಲ್ಲ ಅನ್ನಬೇಕು. ನಾ ಗಂಡನ್ನ ಮಗ್ಗಲಾಗ ಇಟ್ಟುಕೊಂಡು ಇವನನ್ನ ಯಾವಾಗ ಕಟ್ಟಿಕೊಂಡ್ನೋ ಗೊತ್ತಿಲ್ಲ ಅನ್ನಬೇಕು. ಮರತು ಬದುಕಿದ್ರ ಹಣೇಬರಹ ಅಂತಿದ್ವಿ. ನೆನಪಿದ್ದು ಹಂಗ ಬದುಕೂದಕ್ಕ ಏನಂತಾರ?

“ಆಗೂದಿಲ್ಲ,” ಅಂದೆ.

“ನೀ ಸುಮ್ಮನಿರವ್ವ. ನಿನ್ನ ಪೀಪಾಯಿ ಒಂದೂ ಇದರಾಗ ಇಲ್ಲ,” ಅಂದ್ರು ಸಾಹುಕಾರ್ರು. ಅದು ಖರೆ ಮಾತು. ನನ್ನ ಪೀಪಾಯಿ ಮೋರಿ ಬಾಯಾಗ ಖಾಲಿ ಬಿದ್ದಿತ್ತು. ನಾ ಊರ ಕಡೆ ನೋಡಿದೆ. ಯಾರೂ ತಲಿ ಎತ್ತಲಿಲ್ಲ.

ಗೌಡ್ರು ಕೆಳಗ ಒಗದ ರುಮಾಲು ಎತ್ತಿಕೊಂಡು ಧೂಳು ಝಾಡಿಸಿದ್ರು. ಸಾವಕಾಶ ಸುತ್ತಿಕೊಂಡ್ರು. “ನಮ್ಮವ್ವ ಹೋಗೂ ಮುಂದ, ಮಳಿ ನಿಂತಿತೇನೋ ಹಣಮಂತ ಅಂತ ಕೇಳಿದ್ಲು,” ಅಂದ್ರು. “ನಿಂತೈತಿ ಅಂದೆ. ನಿಂತಿರಲಿಲ್ಲ. ಅದೊಂದು ಸುಳ್ಳು ಸಾಕು ನನಗ.” ಸಾಹುಕಾರ್ರ ಕಡೆ ಹೊಳ್ಳಿ, “ಪೀಪಾಯಿ ಮ್ಯಾಲ ಎರಡೂ ವರ್ಷದ ಹೆಸರು ಬರೀರಿ,” ಅಂದ್ರು.

“ಬರದ್ರ ಅರ್ಧ ಬೆಲಿ ಗೌಡ್ರ.”

“ಅರ್ಧ ಯಾಕ?” ಅಂದೆ ನಾ. “ಎರಡು ವರ್ಷ ಕುಡದೀರಿ, ಎರಡರದೂ ಕೊಡ್ರಿ.”

ಕೊಟ್ರೇನು ಅಂತ ಕೇಳತೀರಿ. ಎಲ್ಲಿ ಕೊಡತಾರ್ರಿ! ಪೀಪಾಯಿ ಇಳಿಸಿ, ಖಾಲಿ ಚಕ್ಕಡಿ ಹೊಡಕೊಂಡು ಹೋದ್ರು. ಆ ವರ್ಷ ಊರು ರೊಟ್ಟಿ ಉಳ್ಳಾಗಡ್ಡಿ ತಿಂದಿತು, ಒಂದೊಂದ ತುತ್ತಿಗೂ ನನ್ನ ಹೆಸರು ಹೇಳಿ ತಿಂದಿತು. ಯಮನೂರಪ್ಪಗೂ ಕೆಲಸ ಕಡಿಮಿ ಆತು. ಬಾವಿ ಕಟ್ಟಿಗೆ ಹೋದ್ರ ಹೆಣಮಕ್ಕಳು ಕೊಡ ಸರಿಸಿಕೊಳ್ಳಾವರು. ನಾ ನನ್ನ ಕೊಡ ಅವರ ಕೊಡದ ಹಂತೇಲಿ ತಂದು ಇಡತಿದ್ದೆ. ಅದರ ಮುಂದಿನ ಬ್ಯಾಸಿಗ್ಯಾಗ ಬ್ಯಾರೆ ವ್ಯಾಪಾರಿ ಬಂದ, ಹೊಸಬ. ಅವ ಮೊದಲ ಕುಡದ, ಆಮ್ಯಾಲ ವರ್ಷ ಕೇಳಿದ. ಎರಡೂ ಹೆಸರು ಹೇಳಿದ್ವಿ. ಹುಬ್ಬು ಏರಿಸಿದ, ಇನ್ನೊಂದು ಗುಟುಕು ಕುಡದ, ಒಂದು ಬೆಲಿ ಹೇಳಿದ. ಸಾಹುಕಾರ್ರು ಹೇಳಿದಷ್ಟು ಇರಲಿಲ್ಲ. ಅರ್ಧಕ್ಕಿಂತ ಭಾಳ ಮ್ಯಾಲಿತ್ತು.

ಅವತ್ತಿನಿಂದ ನಾವು ಯಾವ ವರ್ಷನೂ ಸುರದಿಲ್ಲ. ಈ ವರ್ಷ ಆಲಿಕಲ್ಲು ಬಿದ್ದು ಬಳ್ಳಿ ಹರದಾವ, ಸುಗ್ಗಿ ಅಂಬೂದು ಎರಡು ಬುಟ್ಟಿ. ಮನ್ಯಾಗ ರೊಕ್ಕ ಇಲ್ಲ, ಯಮನೂರಪ್ಪನ ಮೊಣಕಾಲು ಏಳಾಕ ಬಿಡವಲ್ದು, ಇಬ್ಬರೂ ದಿನಾ ಜಗಳಾಡತೀವಿ. ನಿನ್ನೆ ಚಾಪಿ ಸಲುವಾಗಿ ಆಡಿದ್ವಿ, ಇವತ್ತು ಇನ್ನೂ ಹೊತ್ತೈತಿ. ಒಂದೂ ಮರತಿಲ್ಲ. ಮರಿಯೂದೂ ಇಲ್ಲ.